ಒಂದೇ ಕಿಂಡಿಗೆ ನಾಲ್ಕು ತಂತಿ

ಸಾಮ್ರಾಜ್ಯಗಳಾಗಲಿ ಮನೆತನಗಳಾಗಲಿ ಹೊರಗಿನ ಶತ್ರುವಿನಿಂದ ಬೀಳುವುದು ಅಪರೂಪ. ತಮ್ಮೊಳಗಿನ ಭಾರವನ್ನು ತಾವೇ ತಾಳಲಾರದೆ ಬೀಳುತ್ತವೆ ಎಂಬುದು ಮಾನವಕುಲದ ಚರಿತ್ರೆಯನ್ನು ಆಮೂಲಾಗ್ರವಾಗಿ ಪರಿಶೀಲಿಸಿದವರಿಗೆ ಹೊಳೆಯುವ ಸತ್ಯ. ನಾನು ಅಂಥ ಯಾವ ಚರಿತ್ರೆಯನ್ನೂ ಪರಿಶೀಲಿಸಿದವನಲ್ಲ. ದಾವಣಗೆರೆಯ ಸರಸ್ವತಿ ನಗರದಲ್ಲಿರುವ ನಮ್ಮ ಮನೆಯ ಕರೆಂಟಿನ ಡಬ್ಬಿಯನ್ನು ಪರಿಶೀಲಿಸಿದ್ದೇನೆ. ಅದೂ ಸುಟ್ಟ ಮೇಲೆ.

ಡಬ್ಬಿ ಎಂದರೆ ಎಂಸಿಬಿ ಕೂರಿಸಿದ ಡಬ್ಬಿ. ಹಿಂದೆ ಪಿಂಗಾಣಿಯ ಫ್ಯೂಸ್ ಇರುತ್ತಿದ್ದ ಜಾಗದಲ್ಲಿ ಈಗ ಅದು ಬಂದು ಕುಳಿತಿದೆ. ಭಾರ ಹೆಚ್ಚಾದರೆ ಅದರ ಪುಟ್ಟ ನಾಲಗೆ ತಾನಾಗಿಯೇ ಕೆಳಗೆ ಬಿದ್ದು ಕರೆಂಟು ನಿಲ್ಲುತ್ತದೆ. ಬೆರಳಿನಿಂದ ಎತ್ತಿದರೆ ಮತ್ತೆ ಬರುತ್ತದೆ. ಮನುಷ್ಯರ ನಾಲಗೆಗೆ ಈ ಸೌಲಭ್ಯವಿಲ್ಲ. ಎಂಸಿಬಿಯ ತಳದಲ್ಲಿ ತಂತಿ ತೂರಿಸಲು ಒಂದು ಕಿಂಡಿ, ಆ ತಂತಿಯನ್ನು ಬಿಗಿಯಲು ಒಂದು ಸ್ಕ್ರೂ. ಒಂದು ಕಿಂಡಿಗೆ ಒಂದು ತಂತಿ ಎಂಬುದು ಅದನ್ನು ತಯಾರಿಸಿದವರ ಅಭಿಪ್ರಾಯ. ನಮ್ಮ ಮನೆಯ ಕಿಂಡಿಯಲ್ಲಿ ನಾಲ್ಕಿದ್ದವು.

ಇದನ್ನು ಅರಿಯದವನ ಪ್ರಮಾದವೆಂದು ಮನ್ನಿಸಿಬಿಡಬೇಡಿ. ನಾನು ಹರಿಹರದ ಒಂದು ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದವನು. ಅಲ್ಲಿ ನನ್ನ ಕೆಲಸ ಇತರರು ಮಾಡಿದ ವಸ್ತುಗಳಲ್ಲಿ ತಪ್ಪು ಹುಡುಕುವುದು. ತಪ್ಪು ಸಿಕ್ಕರೆ ಕೆಂಪು ಚಾಕ್‌ಪೀಸಿನಿಂದ ಅದರ ಮೇಲೊಂದು ಕತ್ತರಿ ಗುರುತು ಎಳೆಯಬೇಕು. ಒಮ್ಮೆ ಎಳೆದರೆ ಆ ವಸ್ತುವಿಗೆ ಮೋಕ್ಷವಿಲ್ಲ. "ಕೂದಲೆಳೆಯಷ್ಟು ಸಡಿಲ ಇದ್ರೆ ಏನಾಗುತ್ತೆ ಲೋಕಪ್ಪಾರೆ, ಕಣ್ಣು ಮುಚ್ಚಿ ಬಿಟ್ಬಿಡ್ರಿ" ಎಂದು ಫೋರ್‌ಮನ್‌ಗಳು ಕೈ ಮುಗಿದದ್ದುಂಟು. ನಾನು ಬಿಟ್ಟವನಲ್ಲ. ಹಿಂದಿನಿಂದ ನನ್ನನ್ನು 'ಕತ್ತರಿ ಲೋಕಪ್ಪ' ಎನ್ನುತ್ತಿದ್ದರು, ಕೆಲವರು ಮುಂದಿನಿಂದಲೂ. ನಿವೃತ್ತಿಯ ದಿನ ಹಾರ ಹಾಕಿ ಒಂದು ಗೋಡೆ ಗಡಿಯಾರ ಕೊಟ್ಟರು. ವೇದಿಕೆಯ ಮೇಲೇ ಕೈಗಡಿಯಾರದ ಜೊತೆ ತಾಳೆ ನೋಡಿದೆ. ಎರಡು ನಿಮಿಷ ಹಿಂದಿತ್ತು. ಹೇಳಿದೆ. ಚಪ್ಪಾಳೆ ಸ್ವಲ್ಪ ಕಡಿಮೆಯಾಯಿತು. ಆ ಗಡಿಯಾರದ ಜೊತೆಗೆ, ಯಾರನ್ನೂ ಕೇಳದೆ, ಒಂದು ಡಬ್ಬಿ ಕೆಂಪು ಚಾಕ್‌ಪೀಸನ್ನೂ ಮನೆಗೆ ತಂದಿದ್ದೆ. ನನ್ನ ಸೇವಾವಧಿಯ ಏಕೈಕ ಅಪರಾಧ ಅದು. ಉಳಿದವುಗಳನ್ನು ಮನೆಯಲ್ಲಿ ಮಾಡಿದ್ದೇನೆ.

ಮನೆ ಅಪ್ಪ ಕಟ್ಟಿಸಿದ್ದು. ಅಪ್ಪ ಹೋದ ಮೇಲೆ ನಾಲ್ಕು ವರ್ಷದ ಕೆಳಗೆ ಅಣ್ಣನಿಗೂ ನನಗೂ ಪಾಲಾಯಿತು. ಅಣ್ಣನಿಗೆ ಕೆಳಗಿನ ಮನೆ, ನನಗೆ ಮೇಲಿನದು. ಅವನಿಗೊಂದು ಮೀಟರು, ನನಗೊಂದು ಮೀಟರು. ಅವ್ವ ಕೆಳಗೆ, ಅಪ್ಪನ ಬೆತ್ತದ ಕುರ್ಚಿ ಮೇಲೆ. ಪಾಲು ಮಾಡಲು ಕುಳಿತ ಹಿರಿಯರ ಮುಂದೆ ಅವ್ವ ಇಟ್ಟದ್ದು ಒಂದೇ ಬೇಡಿಕೆ. "ಏನಾರ ಹಂಚ್ಕಳ್ರಿ. ಜಗಲಿ ಮಾತ್ರ ಪಾಲು ಮಾಡಬ್ಯಾಡ್ರಿ." ನಮ್ಮ ಕಡೆ ಜಗಲಿ ಎಂದರೆ ದೇವರನ್ನಿಟ್ಟ ಕಟ್ಟೆ. ಅದು ಕೆಳಗಿನ ಮನೆಯ ಕೋಣೆಯಲ್ಲಿತ್ತು, ಎತ್ತಿಡುವಂತಿರಲಿಲ್ಲ. ಹಿರಿಯರು ಎಲೆಯಡಿಕೆ ಜಗಿದು ಬಹಳ ಹೊತ್ತು ಯೋಚಿಸಿ ತೀರ್ಪು ಕೊಟ್ಟರು. "ದೇವ್ರು ಕೆಳಗೆ ಅಂದ್ಮೇಲೆ ದೊಡ್ಡವನ ಪಾಲಿಗೆ ಹೋದಂಗಾತು. ಅದಕ್ಕೆ ಜಗಲಿ ದೀಪದ ಕರೆಂಟು ಸಣ್ಣವನ ಕಡಿಂದ ಬರ್ಲಿ. ಇಬ್ರೂ ಸೇರಿದಂಗಾತು." ಇಂಥ ನ್ಯಾಯವನ್ನು ಯಾವ ಕೋರ್ಟೂ ಕೊಡಲಾರದು, ಕೊಡಬಾರದು ಕೂಡ.

ಆ ದಿನವೇ ಇನ್ನೊಂದು ಮಾತೂ ಆಯಿತು. ಅಣ್ಣ ಸಿದ್ದಪ್ಪ ಮೆಕ್ಕೆಜೋಳದ ವ್ಯಾಪಾರಿ. ಹಿರಿಯರ ಮುಂದೆ ಅವನು, "ಅವ್ನಿಗೇನು, ನೆಳ್ಳಾಗೆ ಕುಂತು ಸಂಬಳ ತಗಂತಾನೆ. ಚೀಲ ಹೊತ್ತು ಬೆನ್ನು ಮುರ್ಕಂಡವ್ನು ನಾನು" ಎಂದ. ನಾನು, "ಬೆನ್ನು ಮುರ್ಕಂಡವ್ರು ಹಮಾಲ್ರು, ನೀನಲ್ಲ" ಎಂದೆ. ತಾಂತ್ರಿಕವಾಗಿ ನನ್ನ ಮಾತು ಸರಿಯಾಗಿತ್ತು. ಅಲ್ಲಿಂದ ಎರಡು ವರ್ಷ ನಾವು ಮಾತಾಡಲಿಲ್ಲ. ಅವ್ವನನ್ನು ನೋಡಲು ನಾನು ಕೆಳಗಿಳಿಯುತ್ತಿದ್ದದ್ದು ಅಣ್ಣ ಅಂಗಡಿಗೆ ಹೋದ ಮೇಲೆ.

ದೇವರಿಗೆ ಕರೆಂಟು ಕೊಡಲು ಬಂದವನು ನಿಟ್ಟುವಳ್ಳಿಯ ಕೊಟ್ರೇಶಿ. ಐವತ್ತು ದಾಟಿದ ಮನುಷ್ಯ, ಕಿವಿಯ ಮೇಲೆ ಟೆಸ್ಟರು, ತಂತಿಯ ಸಿಪ್ಪೆ ಸುಲಿಯಲು ಹಲ್ಲು. ಅಣ್ಣನನ್ನು 'ಸಾವ್ಕಾರ್ರೆ' ಎನ್ನುತ್ತಾನೆ, ನನ್ನನ್ನು 'ಸಾರ್' ಎನ್ನುತ್ತಾನೆ. ಎರಡರ ನಡುವಿನ ಅಂತರ ಎಷ್ಟೆಂದು ಅವನ ಬೆನ್ನು ಬಾಗುವುದರಲ್ಲಿ ಅಳೆಯಬಹುದು. ನನ್ನ ವರಾಂಡದ ಗೋಡೆಯ ಡಬ್ಬಿ ತೆರೆದು ಅವನು ದೇವರ ತಂತಿಯನ್ನು ನನ್ನ ತಂತಿಯ ಪಕ್ಕದಲ್ಲೇ ತೂರಿಸಲು ಹೊರಟ.

"ಪಕ್ಕದಾಗೆ ಇನ್ನೊಂದು ಎಂಸಿಬಿ ಹಾಕೋ ಮಾರಾಯಾ" ಎಂದೆ.

"ಒಂದು ಬಲ್ಬಿಗೆ ಒಂದು ಎಂಸಿಬಿನಾ? ದೇವ್ರು ನಗ್ತಾನೆ ಸಾರ್. ಕಿಂಡ್ಯಾಗೆ ಇನ್ನಾ ಜಾಗ ಐತೆ."

ಜಾಗ ಐತೆ ಎಂಬ ಮಾತನ್ನು ನಾನು ಮೊದಲ ಸಲ ಕೇಳಿದ್ದಲ್ಲ. ದಾವಣಗೆರೆಯಿಂದ ಹರಿಹರಕ್ಕೆ ಮೂವತ್ತೊಂದು ವರ್ಷ ಬಸ್ಸಿನಲ್ಲಿ ಓಡಾಡಿದವನಿಗೆ ಅದು ಸುಪ್ರಭಾತವಿದ್ದಂತೆ. ಮೂವರ ಸೀಟಿನಲ್ಲಿ ನಾಲ್ವರನ್ನು ಕೂರಿಸಿ, "ಸ್ವಲ್ಪ ಜರುಗ್ರಿ, ಜಾಗ ಐತೆ" ಎಂದು ಕಂಡಕ್ಟರು ಐದನೆಯವನನ್ನು ಕರೆಯುವಾಗ ಏನಾಗುತ್ತದೆ ಎಂಬುದನ್ನು ನಾನು ಬಲ್ಲೆ. ದಪ್ಪಗಿದ್ದವರು ಅಲ್ಲಾಡುವುದಿಲ್ಲ. ಸೀಟು ಅವರನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ತೆಳ್ಳಗಿದ್ದವನು ಅಂಚಿಗೆ ಬಂದು ಅರ್ಧ ಕುಳಿತು ಅರ್ಧ ನಿಂತು, ಪ್ರತಿ ತಿರುವಿನಲ್ಲಿಯೂ ಕಂಬಿ ಹಿಡಿದು ನೇತಾಡುತ್ತಾನೆ. ಎಂಸಿಬಿಯ ಕಿಂಡಿಯಲ್ಲಿಯೂ ಇದೇ. ಒಂದು ದಪ್ಪ ತಂತಿ, ಒಂದು ತೆಳು ತಂತಿ ಒಟ್ಟಿಗೆ ತೂರಿಸಿ ಸ್ಕ್ರೂ ಬಿಗಿದರೆ ಸ್ಕ್ರೂ ಒತ್ತುವುದು ದಪ್ಪದ್ದನ್ನು. ತೆಳ್ಳಗಿನದು ಒಳಗೆ ಸಡಿಲವಾಗಿಯೇ ಇರುತ್ತದೆ. ಸಡಿಲವಾದದ್ದು ಬಿಸಿಯಾಗುತ್ತದೆ. ಇದನ್ನೆಲ್ಲ ನಾನು ಕೊಟ್ರೇಶಿಗೆ ವಿವರಿಸಿದೆ. ಅವನು ಶ್ರದ್ಧೆಯಿಂದ ಕೇಳಿ, ಭುಜದ ಬಲವನ್ನೆಲ್ಲ ಹಾಕಿ ಸ್ಕ್ರೂ ತಿರುಗಿಸಿ, "ಈಗ ಆನೆ ಎಳೆದ್ರೂ ಬರಂಗಿಲ್ಲ" ಎಂದು ಹೋದ. ನಮ್ಮ ಮನೆಯ ತಂತಿಯನ್ನು ಆನೆ ಎಳೆಯುತ್ತದೆಂಬ ಭಯ ನನಗೆ ಇರಲೂ ಇಲ್ಲ.

ದೇವರ ತಂತಿ ಬಂದದ್ದೇ ತಡ, ಅದು ದೇವರ ಹೆಸರಿನಲ್ಲಿ ತೆರೆದ ಬಾಗಿಲೂ ಆಯಿತು. ಆರು ತಿಂಗಳಿಗೆ ಅವ್ವ ಮೆಟ್ಟಿಲ ಬುಡದಲ್ಲಿ ನಿಂತು ಕೂಗಿದಳು. "ಲೋಕಾ, ನಿಮ್ಮಣ್ಣ ನಂಗೆ ಗೀಜರ್ ತಂದಾನೆ. ಸ್ನಾನ ಮಾಡ್ದೆ ಜಗಲಿ ಮುಟ್ಟಂಗಿಲ್ಲ. ಅದಕ್ಕೂ ದೇವ್ರ ಕರೆಂಟೇ ಇರ್ಲಿ ಅಂತಾನೆ." ಮಾತಿಲ್ಲದ ಅಣ್ಣನ ವಾದ ಹೀಗಿತ್ತು: ಸ್ನಾನವಿಲ್ಲದೆ ಪೂಜೆಯಿಲ್ಲ, ಎಂಬತ್ತು ದಾಟಿದ ಅವ್ವನಿಗೆ ಬಿಸಿನೀರಿಲ್ಲದೆ ಸ್ನಾನವಿಲ್ಲ, ಆದ್ದರಿಂದ ಗೀಸರು ಪೂಜಾಸಾಮಗ್ರಿ. ತರ್ಕದಲ್ಲಿ ಎಲ್ಲಿಯೂ ಬಿರುಕಿರಲಿಲ್ಲ. ಅವ್ವನ ಬಿಸಿನೀರಿಗೆ ಬೇಡ ಎನ್ನುವ ಮಗ ಯಾವನಿದ್ದಾನೆ? ಕೊಟ್ರೇಶಿ ಬಂದ, ಹೆಬ್ಬೆರಳು ದಪ್ಪದ ತಂತಿ ತಂದ, ಜಾಗ ಐತೆ ಎಂದ. ಮರುವರ್ಷ, ನಾನು ನಿವೃತ್ತನಾದ ತಿಂಗಳು, ಫ್ರಿಜ್ಜು. ನೈವೇದ್ಯದ ಹಾಲು, ಬಿಲ್ವಪತ್ರೆ ಕೆಡಬಾರದಲ್ಲ. ಆ ಫ್ರಿಜ್ಜನ್ನು ನಾನು ಒಂದು ಮಧ್ಯಾಹ್ನ ತೆರೆದು ತಪಾಸಣೆ ಮಾಡಿದ್ದೇನೆ. ಅರ್ಧ ಕಲ್ಲಂಗಡಿ, ಹಿಂದಿನ ದಿನದ ಸಾರು, ಎರಡು ಸೀಸೆ ಉಪ್ಪಿನಕಾಯಿ, ಒಂದು ತಟ್ಟೆ ಮಿರ್ಚಿ. ಮೂಲೆಯ ಒಂದು ಬಟ್ಟಲಲ್ಲಿ ಎರಡು ಬಿಲ್ವಪತ್ರೆ, ಮೊಕದ್ದಮೆ ನಡೆದರೆ ಸಾಕ್ಷಿ ಹೇಳಲು.

ನಾನೇನು ಸುಮ್ಮನೆ ಕೂರಲಿಲ್ಲ. ಡಬ್ಬಿಯ ಮುಚ್ಚಳದ ಮೇಲೆ ಕೆಂಪು ಚಾಕ್‌ಪೀಸಿನಿಂದ ದೊಡ್ಡದೊಂದು ಕತ್ತರಿ ಗುರುತು ಎಳೆದೆ. ಹರಿಹರದಲ್ಲಿ ಅದಕ್ಕೆ ಜನ ನಡುಗುತ್ತಿದ್ದರು. ಇಲ್ಲಿ ಆಯುಧಪೂಜೆಯ ದಿನ ನನ್ನ ಹೆಂಡತಿ ಗಿರಿಜ ಡಬ್ಬಿಯನ್ನು ಒರೆಸಿ, ಮೂರು ಬೆರಳು ವಿಭೂತಿ ಬಳಿದು, ಕತ್ತರಿಯ ಎರಡು ಗೆರೆ ಕೂಡುವ ಜಾಗದಲ್ಲಿ ಕುಂಕುಮವಿಟ್ಟು ಚೆಂಡುಹೂವು ಸಿಕ್ಕಿಸಿದಳು. ತಿರಸ್ಕರಿಸಿದ ವಸ್ತುವಿಗೆ ಮಂಗಳಾರತಿ ಬೆಳಗಿದ ಇನ್‌ಸ್ಪೆಕ್ಟರು ಜಗತ್ತಿನಲ್ಲಿ ನಾನೊಬ್ಬನೇ ಇರಬೇಕು.

ಫ್ರಿಜ್ಜು ಬಂದ ಮರುವಾರ ಎಂಸಿಬಿ ಬೀಳತೊಡಗಿತು. ಬೆಳಿಗ್ಗೆ ಏಳು ಗಂಟೆಗೆ ಕೆಳಗೆ ಅವ್ವನ ಗೀಸರು, ಮೇಲೆ ಗಿರಿಜಳ ಕರೆಂಟಿನ ಒಲೆ. ಅದರ ಜೊತೆಗೆ ಚಟ್ನಿಗೆಂದು ಮಿಕ್ಸಿ ತಿರುಗಿತೋ, ಟಪ್ ಎಂದು ಎಲ್ಲ ನಿಂತು ಮನೆ ಮೌನವಾಗುತ್ತಿತ್ತು. ಮೊದಲ ದಿನ ಹೀಗಾದಾಗ ಮೆಟ್ಟಿಲ ಮೇಲೆ ಭಾರವಾದ ಹೆಜ್ಜೆ ಕೇಳಿಸಿತು. ನನ್ನ ವರಾಂಡದ ಗ್ರಿಲ್ಲಿನ ಆಚೆ ಅಣ್ಣ ನಿಂತಿದ್ದ. ಹೆಗಲ ಮೇಲೆ ಟವೆಲ್ಲು, ಮುಖದ ಅರ್ಧಕ್ಕೆ ಶೇವಿಂಗ್ ಸೋಪು.

"ಲೋಕಾ," ಎಂದ. "ಬಿದ್ದೈತೆ."

ಎರಡು ವರ್ಷದ ಮೇಲೆ ಅವನು ನನ್ನೊಡನೆ ಆಡಿದ ಮೊದಲ ಮಾತು ಅದು. ಯೋಚಿಸಿದರೆ ಯಾವ ಮಾತಿನಿಂದ ಶುರು ಮಾಡುವುದೆಂದು ಇಬ್ಬರಿಗೂ ತೋಚುತ್ತಿರಲಿಲ್ಲ. ಕರೆಂಟು ನಮಗಾಗಿ ಯೋಚಿಸಿತ್ತು.

"ಎತ್ತೀನಿ" ಎಂದೆ. ಗ್ರಿಲ್ಲು ತೆಗೆದೆ. ಅವನು ಒಳಗೆ ಬಂದ. ಡಬ್ಬಿಯ ಮೇಲೆ ಅಂಗೈ ಇಟ್ಟು ನೋಡಿದೆ. ಆಗ ನನ್ನ ಬಾಯಿಂದ ಒಂದು ತಾಂತ್ರಿಕ ಅಭಿಪ್ರಾಯ ಹೊರಬಿತ್ತು. "ಈಗ್ಲೇ ಎತ್ತಂಗಿಲ್ಲ. ಬಿಸಿ ಐತೆ. ತಣ್ಗಾಗ್ಬೇಕು."

"ಎಷ್ಟೊತ್ತು?"

"ಹತ್ತು ನಿಮಿಷ. ಕೂಡು."

ಸತ್ಯ ಹೇಳಬೇಕೆಂದರೆ ಎರಡು ನಿಮಿಷ ಸಾಕು. ಅಣ್ಣ ಸುತ್ತ ನೋಡಿ, ಅಪ್ಪನ ಬೆತ್ತದ ಕುರ್ಚಿಯಲ್ಲಿ ಕುಳಿತ. ಪಾಲಿನಲ್ಲಿ ಅವನು ಕೇಳಿದ್ದ ಕುರ್ಚಿ ಅದು. ನಾನು ಬಿಟ್ಟುಕೊಟ್ಟಿರಲಿಲ್ಲ. ಗಿರಿಜ ಗ್ಯಾಸಿನ ಮೇಲೆ ಚಹಾ ಮಾಡಿ ತಂದು, "ಭಾವಾರೆ, ತಗಳ್ರಿ" ಎಂದಳು. ಸೋಪು ಒಣಗುತ್ತಿದ್ದ ಮುಖದಲ್ಲೇ ಅವನು ಚಹಾ ಕುಡಿದ.

ಅಂದಿನಿಂದ ಅದು ದಿನಚರಿಯಾಯಿತು. ಏಳೂಕಾಲಿಗೆ ಟಪ್. ಏಳೂವರೆಯ ಒಳಗೆ ಹೆಜ್ಜೆ. "ಬಿದ್ದೈತೆ." "ಕೂಡು." ಮೊದಮೊದಲು ಮಾತು ಎಂಸಿಬಿಯ ಆರೋಗ್ಯದ್ದಷ್ಟೇ. ಆಮೇಲೆ ಅವನ ಮೊಣಕಾಲು, ನನ್ನ ಸಕ್ಕರೆ. "ಈ ಸಲ ಜೋಳದಾಗೆ ಹಸಿ ಬಾಳ ಐತೆ ನೋಡು" ಎಂದು ಅವನು ಹೇಳುವನು. "ಎಷ್ಟು ಐತೆ ಅಂತ ಮಿಷನ್ನಾಗೆ ನೋಡ್ದ್ಯಾ?" ಎಂದು ನಾನು ಕೇಳುವೆನು. "ಅಂಗೈ ಐತಲ್ಲ. ನಿನ್ನ ಮಿಷನ್ನು ಹುಟ್ಟೋಕೆ ಮುಂಚೆ ಅಪ್ಪ ಅಂಗೈಯಾಗೆ ನೋಡಿದ್ದು." ಹೀಗೆ ಅಪ್ಪನೂ ಬಂದ. ಆವರಗೆರೆಯ ಕಡೆ ಅಪ್ಪನ ಸೈಕಲ್ಲಿನ ಮುಂದೆ ಒಬ್ಬ ಹಿಂದೆ ಒಬ್ಬ ಕುಳಿತು ಹೋಗುತ್ತಿದ್ದದ್ದು ಬಂತು. ಮುಂದೆ ಕೂರುತ್ತಿದ್ದವನು ಯಾರೆಂದು ಒಂದು ವಾರ ಜಗಳವಾಯಿತು. ಅಂಥ ರುಚಿಯಾದ ಜಗಳವನ್ನು ನಾನು ನನ್ನ ನೌಕರಿಯಲ್ಲಿ ಕಂಡಿರಲಿಲ್ಲ. ಹತ್ತು ನಿಮಿಷ ಇಪ್ಪತ್ತಾಯಿತು, ಅರ್ಧ ಗಂಟೆಯಾಯಿತು. "ತಣ್ಗಾತಾ?" ಎಂದು ಅವನು ಕೇಳಿದಾಗಲೆಲ್ಲ ನಾನು ಎದ್ದು, ವೈದ್ಯರ ಗಾಂಭೀರ್ಯದಿಂದ ಡಬ್ಬಿಯನ್ನು ಮುಟ್ಟಿ, "ಇನ್ನಾ ಇಲ್ಲ" ಎನ್ನುತ್ತಿದ್ದೆ. ಕೆಳಗೆ ಅವ್ವ ಅರ್ಧ ಬಿಸಿಯಾದ ನೀರಿನ ಮುಂದೆ ಕಾಯುತ್ತಿದ್ದಳು. ದೇವರೂ ಕಾಯುತ್ತಿದ್ದ. ಕೊಟ್ರೇಶಿಯನ್ನು ಕರೆಸಿ ಸರಿ ಮಾಡಿಸೋಣ ಎಂದು ಅಣ್ಣ ಒಮ್ಮೆಯೂ ಅನ್ನಲಿಲ್ಲ. ನಾನಂತೂ ತಪಾಸಣೆಗಾರ, ನನ್ನ ಕೆಲಸ ತಪ್ಪು ಹುಡುಕುವುದು, ಸರಿಪಡಿಸುವುದಲ್ಲ.

ಬೇಸಿಗೆ ಬಂದಾಗ ಸಂಕಟಕ್ಕಿಟ್ಟುಕೊಂಡಿತು. ದಾವಣಗೆರೆಯ ಬಿಸಿಲಿಗೆ ತೊಟ್ಟಿಯ ನೀರೇ ಕುದಿಯುವುದರಿಂದ ಅವ್ವ ಗೀಸರು ಹಾಕುವುದನ್ನು ಬಿಟ್ಟಳು. ಎಂಸಿಬಿ ಬೀಳಲಿಲ್ಲ. ಒಂದು ದಿನ, ಎರಡು ದಿನ, ಮೂರು ದಿನ. ಮೂರನೆಯ ದಿನ ಏಳು ಗಂಟೆಗೆ ನಾನು ಇಸ್ತ್ರಿ ಪೆಟ್ಟಿಗೆ ತೆಗೆದೆ.

"ಏನ್ರಿ, ಪಂಚೆಗೆ ಇಸ್ತ್ರಿ ಹಾಕ್ತಿದೀರಿ? ಯಾವ ಮೀಟಿಂಗಿಗೆ ಹೊಂಟ್ರಿ?" ಎಂದಳು ಗಿರಿಜ.

"ಒಲೆ ಹಚ್ಚು. ಮಿಕ್ಸೀನೂ ಹಾಕು."

"ಇವತ್ತು ಉಪ್ಪಿಟ್ಟು. ಚಟ್ನಿ ಇಲ್ಲ."

"ಇಲ್ದಿದ್ರೆ ಸುಮ್ನೆ ತಿರುಗ್ಸು."

ಅವಳು ನನ್ನನ್ನೂ ಇಸ್ತ್ರಿ ಪೆಟ್ಟಿಗೆಯನ್ನೂ ಖಾಲಿ ಕುರ್ಚಿಯನ್ನೂ ಒಂದು ಸುತ್ತು ನೋಡಿದಳು. ಮದುವೆಯಾಗಿ ಮೂವತ್ತು ವರ್ಷದಲ್ಲಿ ಅವಳು ಕೇಳದೆ ಬಿಟ್ಟ ಪ್ರಶ್ನೆ ಅದೊಂದೇ. ಒಲೆ ಹಚ್ಚಿ, ಮಿಕ್ಸಿಗೆ ಒಂದು ಹಿಡಿ ಕಡಲೆ ಸುರಿದು ತಿರುಗಿಸಿದಳು. ಟಪ್. ನಾನು ಇಸ್ತ್ರಿ ಪೆಟ್ಟಿಗೆಯನ್ನು ಮಂಚದ ಕೆಳಗೆ ಬಚ್ಚಿಟ್ಟು ಪೇಪರ್ ಹಿಡಿದು ಕುಳಿತೆ. ಹೆಜ್ಜೆ ಕೇಳಿಸಿತು. "ಮೂರು ದಿನ ಬಿದ್ದಿದ್ದಿಲ್ಲಲ್ಲ" ಎಂದ ಅಣ್ಣ. ದೂರುತ್ತಿದ್ದಾನೆಯೇ ಸಮಾಧಾನಪಡುತ್ತಿದ್ದಾನೆಯೇ ತಿಳಿಯಲಿಲ್ಲ. "ಬೇಸಿಗೆ ನೋಡು, ಅದಕ್ಕೂ ಆಯಾಸ" ಎಂದೆ. ಆ ಬೇಸಿಗೆಯಲ್ಲಿ ಸರಸ್ವತಿ ನಗರದಲ್ಲಿ ನನ್ನಷ್ಟು ಗರಿಗರಿಯಾದ ಪಂಚೆ ಉಟ್ಟವರು ಯಾರೂ ಇರಲಿಲ್ಲ.

ಒಂದು ವರ್ಷ ಹೀಗೆ ನಡೆಯಿತು. ಆಮೇಲೊಂದು ಸೋಮವಾರ ಹನ್ನೊಂದರ ಹೊತ್ತಿಗೆ ಬಾಚಣಿಗೆ ಸುಟ್ಟಂಥ ವಾಸನೆ ಬಂತು. ಗಿರಿಜ ಹಾಲು ಉಕ್ಕಿತೆಂದು ಒಳಗೆ ಓಡಿದಳು. ನಾನು ವರಾಂಡಕ್ಕೆ ಬಂದರೆ ಡಬ್ಬಿಯ ಸಂದಿಯಿಂದ ಊದುಬತ್ತಿಯಂತೆ ಒಂದೆಳೆ ಹೊಗೆ. ಮೇನ್ ಸ್ವಿಚ್ ಇಳಿಸಿ ಮುಚ್ಚಳ ತೆಗೆದೆ. ಕಿಂಡಿಯ ಸುತ್ತ ಇದ್ದಿಲಿನಂತೆ ಕಪ್ಪು. ಪಕ್ಕದ ಮರದ ಹಲಗೆಯೂ ಕಂದಿತ್ತು. ಇನ್ನೊಂದು ಗಂಟೆ ಬಿಟ್ಟಿದ್ದರೆ ಮೇಲು ಕೆಳಗು ಎಂಬ ಭೇದವಿಲ್ಲದೆ ಮನೆಯೇ ಹೋಗುತ್ತಿತ್ತು. ವಿಚಿತ್ರವೆಂದರೆ ಎಂಸಿಬಿ ಬಿದ್ದಿರಲಿಲ್ಲ. ಅದರ ನಾಲಗೆ ಮೇಲೆಯೇ ಇತ್ತು. ಭಾರ ಹೆಚ್ಚಾದರೆ ಅದಕ್ಕೆ ತಿಳಿಯುತ್ತದೆ. ಯಾವುದೋ ಒಂದು ತಂತಿ ಒಳಗೇ ಸಡಿಲವಾಗಿ, ಸದ್ದಿಲ್ಲದೆ ಸುಡುತ್ತಿದ್ದರೆ ತಿಳಿಯುವುದಿಲ್ಲ.

"ನಿಮ್ಮ ಇಸ್ತ್ರಿ ಸಾಕು ಇನ್ನ," ಎಂದಳು ಗಿರಿಜ. "ಇವತ್ತು ಸರಿ ಮಾಡ್ಸದಿದ್ರೆ ನಾನು ತವರಿಗೆ ಹೋಗ್ತೀನಿ."

ಕೊಟ್ರೇಶಿಗೆ ಫೋನು ಹೋಯಿತು. ಫ್ರಿಜ್ಜು ನಿಂತದ್ದರಿಂದ ಅಣ್ಣನಿಗೂ ಅಂಗಡಿಗೆ ಫೋನು ಹೋಗಿ ಅವನೂ ಬಂದ. ಹೊಗೆಯ ಸುದ್ದಿ ಕೇಳಿ ಅವ್ವ ಗೋಡೆ ಹಿಡಿದು ಮೆಟ್ಟಿಲು ಹತ್ತಿ ಬಂದು ಹೊಸ್ತಿಲಲ್ಲಿ ಕುಳಿತಳು. ಪಾಲಿನ ದಿನದ ಪಂಚಾಯಿತಿಯೇ ಮತ್ತೆ ಸೇರಿದಂತಿತ್ತು. ಕೊಟ್ರೇಶಿ ತಾನೇ ಒಟ್ಟಿಗೆ ಬಿಗಿದ ನಾಲ್ಕು ತಂತಿಗಳನ್ನು, ಯಾರೋ ಪರವೂರಿನವನು ಮಾಡಿದ ಕೆಲಸವೆಂಬಂತೆ ನಾಲಗೆ ಲೊಚಗುಟ್ಟುತ್ತ ಒಂದೊಂದಾಗಿ ಹೊರಗೆಳೆದ. ಗೀಸರಿನ ದಪ್ಪ ತಂತಿ ಮದುಮಗನಂತೆ ಹೊಳೆಯುತ್ತಿತ್ತು. ಸುಟ್ಟು ಕರಕಲಾಗಿದ್ದದ್ದು ಅದರ ಪಕ್ಕದ ತೆಳು ತಂತಿ.

"ಇದು ಯಾರದು?"

"ನನ್ನದು" ಎಂದೆ.

"ಇದು?" ಇನ್ನೊಂದು ತೆಳು ತಂತಿ ಹಿಡಿದ.

"ದೇವರದು."

ಅವನು ಕೆಳಗೆ ಹೋಗಿ ನೋಡಿಕೊಂಡು ಬಂದು ತಲೆ ಕೆರೆದ. "ಜಗಲಿ ಬಲ್ಬು ಹೋಗಿ ಜ್ಯಾಡ ಗೂಡು ಕಟ್ಟೈತ್ರಿ. ಈ ತಂತ್ಯಾಗೆ ಕರೆಂಟೇ ಓಡ್ತಿಲ್ಲ."

ಎಲ್ಲರೂ ಅವ್ವನ ಕಡೆ ನೋಡಿದೆವು.

"ಅದು ಹೋಗಿ ಮೂರು ದೀಪಾವಳಿ ಆತು," ಎಂದಳು ಅವ್ವ. "ನಂಗೆ ಎಣ್ಣೆ ದೀಪ ಐತೆ. ಬಲ್ಬು ಹಚ್ಚಿದ್ರೆ ಹುಳ ಬರ್ತಾವೆ. ಜಗಲಿ ಪಾಲು ಮಾಡಬ್ಯಾಡ್ರಿ ಅಂದಿದ್ದೆ. ಬಲ್ಬು ಹಾಕ್ರಿ ಅಂತ ಯಾವಾಗ ಅಂದಿದ್ದೆ?"

ಮೂರು ವರ್ಷದಿಂದ ಯಾವ ದೇವರ ಹೆಸರಿನಲ್ಲಿ ಗೀಸರು, ಫ್ರಿಜ್ಜು ನನ್ನ ಕಿಂಡಿಗೆ ಬಂದವೋ ಆ ದೇವರೊಬ್ಬನೇ ಏನನ್ನೂ ಬಳಸಿರಲಿಲ್ಲ. ಇಡೀ ಡಬ್ಬಿಗೆ ಕತ್ತರಿ ಎಳೆದ ನಾನು ಆ ಒಂದು ಬಲ್ಬಿನ ಸ್ವಿಚ್ಚನ್ನು ಎಂದೂ ಒತ್ತಿ ನೋಡಿರಲಿಲ್ಲ. ಮಧ್ಯಾಹ್ನ ಮಧ್ಯಾಹ್ನ ಅದೇ ಕೋಣೆಯಲ್ಲಿ ಅವ್ವನ ಜೊತೆ ಕುಳಿತು ಬಂದಿದ್ದೇನೆ. ನನಗೆ ನಗು ಬರುವುದರಲ್ಲಿತ್ತು. ಬಂದಿದ್ದರೆ ಎಲ್ಲರೂ ನಗುತ್ತಿದ್ದರು, ಕತೆ ಬೇರೆಯಾಗುತ್ತಿತ್ತು. ಅಷ್ಟರಲ್ಲಿ ಅಣ್ಣ, ಕೊಟ್ರೇಶಿಯ ಕಡೆ ತಿರುಗಿ, "ಮೂವತ್ತೊಂದು ವರ್ಷ ಹರಿಹರದಾಗೆ ಇಂಥಾದ್ನೇ ನೋಡಿ ನೋಡಿ ಸಹಿ ಹಾಕಿದ್ನೇನೋ ನಮ್ಮ ಇನ್‌ಸ್ಪೆಕ್ಟ್ರು" ಎಂದ. ಕೊಟ್ರೇಶಿ ಹಲ್ಲು ಬಿಟ್ಟು ನಕ್ಕ.

ಅದು ತಮಾಷೆ. ಈಗ ಗೊತ್ತಾಗುತ್ತದೆ. ಬೆಳಿಗ್ಗೆ ಏಳೂವರೆಗೆ ಬೆತ್ತದ ಕುರ್ಚಿಯಲ್ಲಿ ಕುಳಿತು ಹೇಳಿದ್ದರೆ ಚಹಾದ ಜೊತೆ ನುಂಗುತ್ತಿದ್ದೆ. ಕೊಟ್ರೇಶಿಯ ಹಲ್ಲುಗಳ ಮುಂದೆ ನನ್ನ ಸೇವಾವಧಿಯನ್ನು ಎಳೆದದ್ದು ತಡೆಯಲಾಗಲಿಲ್ಲ.

ಕೊಟ್ರೇಶಿ ಅಷ್ಟರಲ್ಲಿ ತನ್ನ ಜೀವಮಾನದ ಮೊದಲ ಸರಿಯಾದ ಮಾತು ಆಡಿದ. "ಇಲ್ಲೇ ದೊಡ್ಡ ಡಬ್ಬಿ ಕೂಡಿಸಿ ಮೂರು ಎಂಸಿಬಿ ಹಾಕ್ತೀನಿ ಸಾರ್. ಒಂದಕ್ಕೆ ಒಂದೇ ತಂತಿ. ಎಲ್ಲಾ ಇಲ್ಲೇ ಇರ್ಲಿ. ಬಿದ್ರೆ ಸಾವ್ಕಾರ್ರು ಬಂದು ಎತ್ಕಂತಾರೆ."

ಸುರಕ್ಷಿತವಾದ ದಾರಿ ಅದು. ಯಾವ ತಪಾಸಣೆಗಾರನೂ ಒಪ್ಪುವಂಥದ್ದು. ನಾನು ಎದ್ದು ನಿಂತು, ಕಾರ್ಖಾನೆಯಲ್ಲಿ ಇಡೀ ಲಾಟನ್ನು ತಿರಸ್ಕರಿಸುವಾಗ ಬಳಸುತ್ತಿದ್ದ ದನಿಯಲ್ಲಿ ಹೇಳಿದೆ. "ಬ್ಯಾಡ. ಕೆಳಗಿಂದು ಕೆಳಗೆ. ಅವರವರ ಮೀಟ್ರಿಗೆ ಅವರವರ ತಂತಿ. ಇನ್ಮೇಲೆ ಯಾರೂ ಮೆಟ್ಲು ಹತ್ತೋದು ಬ್ಯಾಡ."

ಅಣ್ಣ ಕುರ್ಚಿಯ ಕಡೆ ನೋಡಿದ. ಕುಳಿತುಕೊಳ್ಳಲಿಲ್ಲ. "ಆತು," ಎಂದ. "ಅವ್ನು ಹೇಳ್ದಂಗೆ ಮಾಡು ಕೊಟ್ರೇಶಿ." ಅವ್ವನ ಕೈ ಹಿಡಿದುಕೊಂಡು ಮೆಲ್ಲಗೆ ಕೆಳಗಿಳಿಸಿಕೊಂಡು ಹೋದ. ಮೊಣಕಾಲು ನೋವಿನ ಇಬ್ಬರು ಇಳಿಯುವ ಸದ್ದು ಬಹಳ ಹೊತ್ತು ಕೇಳಿಸುತ್ತಿತ್ತು.

ಸಂಜೆಯೊಳಗೆ ಕೆಲಸ ಮುಗಿಯಿತು. ಕೆಳಗೆ ಹೊಸ ಡಬ್ಬಿ, ಮೇಲೆ ಹೊಸ ಎಂಸಿಬಿ, ನನ್ನ ಸುಟ್ಟ ತಂತಿಯ ಬದಲು ದಪ್ಪನೆಯ ಹೊಸ ತಂತಿ. ಒಂದು ಕಿಂಡಿ, ಒಂದು ತಂತಿ. ಸ್ಕ್ರೂ ಬಿಗಿದಿತ್ತು, ಎಳೆದು ನೋಡಿದೆ, ಕೂದಲೆಳೆಯಷ್ಟೂ ಸಡಿಲವಿರಲಿಲ್ಲ. ನನ್ನ ಸೇವಾವಧಿಯಲ್ಲಿ ಅಷ್ಟು ನಿರ್ದೋಷವಾದ ಕೆಲಸವನ್ನು ಬೆರಳೆಣಿಕೆಯಷ್ಟು ಸಲ ನೋಡಿದ್ದೇನೆ. ಮುಚ್ಚಳದ ಮೇಲೆ ಕೆಂಪು ಚಾಕ್‌ಪೀಸಿನಿಂದಲೇ 'ಸರಿ' ಗುರುತು ಹಾಕಿದೆ. ಬೇರೆ ಬಣ್ಣದ್ದು ಮನೆಯಲ್ಲಿರಲಿಲ್ಲ.

ಮರುದಿನ ಏಳೂಕಾಲಾಯಿತು. ಒಲೆ ಉರಿಯಿತು, ಮಿಕ್ಸಿ ತಿರುಗಿತು. ಟಪ್ ಎನ್ನಲಿಲ್ಲ. ವಾರ ಬಿಟ್ಟು ಮಂಚದ ಕೆಳಗಿನ ಇಸ್ತ್ರಿ ಪೆಟ್ಟಿಗೆ ತೆಗೆದೆ. ಒಲೆ, ಮಿಕ್ಸಿ, ಇಸ್ತ್ರಿ ಒಟ್ಟಿಗೆ ಹಾಕಿದೆ. ಏನೂ ಆಗಲಿಲ್ಲ. ಆಗ ನೆನಪಾಯಿತು: ಬಿದ್ದರೂ ಈಗ ಕರೆಂಟು ಹೋಗುವುದು ನನ್ನ ಮನೆಗೊಂದೇ, ಮೇಲೆ ಬರಲು ಯಾರಿಗೂ ಕಾರಣವಿಲ್ಲ. ಇಷ್ಟು ಸಣ್ಣ ಸಂಗತಿಯನ್ನು ಲೆಕ್ಕ ಹಾಕಲು ಒಬ್ಬ ತಪಾಸಣೆಗಾರನಿಗೆ ಒಂದು ವಾರ ಬೇಕಾಯಿತು. ಗಿರಿಜ ಮಿಕ್ಸಿ ನಿಲ್ಲಿಸಿ, ಇಸ್ತ್ರಿ ಪೆಟ್ಟಿಗೆಯ ವೈರು ಸುತ್ತಿ ಕಪಾಟಿನಲ್ಲಿಟ್ಟಳು.

ನೀನೇ ಕೆಳಗಿಳಿದು ಹೋಗಬಹುದಲ್ಲ ಎಂದು ನೀವು ಕೇಳುತ್ತೀರಿ. ಹೋದೆ. ಒಂದು ಭಾನುವಾರ, ಕೆಳಗಿನ ಡಬ್ಬಿಯನ್ನು ತಪಾಸಣೆ ಮಾಡುವ ನೆಪದಲ್ಲಿ ಟೆಸ್ಟರು ಹಿಡಿದು ಇಳಿದೆ. ಅಣ್ಣ ಬಾಗಿಲಲ್ಲೇ ಸಿಕ್ಕ. "ಡಬ್ಬಿ ನೋಡಾಣ ಅಂತ ಬಂದೆ" ಎಂದೆ. "ಚೆನ್ನಾಗೈತೆ" ಎಂದ. "ಬಿಸಿ ಏನಾರ ಆಗ್ತೈತಾ?" ಎಂದೆ. "ಇಲ್ಲ. ತಣ್ಗೈತೆ" ಎಂದ. ತಣ್ಣಗಿರುವ ಡಬ್ಬಿಯ ಮುಂದೆ ಎಷ್ಟು ಹೊತ್ತು ನಿಲ್ಲಲು ಸಾಧ್ಯ? ಟೆಸ್ಟರು ಜೇಬಿಗಿಟ್ಟು ಮೇಲೆ ಬಂದೆ.

ಮೊನ್ನೆ ಮಧ್ಯಾಹ್ನ ಅವ್ವನ ಹತ್ತಿರ ಕುಳಿತಿದ್ದಾಗ ಅವಳು ಬತ್ತಿ ಹೊಸೆಯುತ್ತ ತಲೆಯೆತ್ತದೆ ಹೇಳಿದಳು. "ನಿಮ್ಮಣ್ಣ ದಿನಾ ಬೆಳಿಗ್ಗೆ ಟವೆಲ್ಲು ಹೆಗಲಿಗೆ ಹಾಕ್ಕಂಡು ಬಂದು ಕೇಳ್ತಾನೆ, ಅವ್ವಾ ಕರೆಂಟ್ ಐತೇನು ಅಂತ. ಐತಪ್ಪ ಅಂತೀನಿ. ಒಂದು ಗಳಿಗೆ ಮೆಟ್ಲ ಕಡೆ ನೋಡಿ ಒಳಗೆ ಹೋಗ್ತಾನೆ. ಅವ್ನಿಗೆ ಏನಾಗೈತೋ, ಲೈಟು ಉರೀತಿರೋದು ಕಣ್ಣಿಗೆ ಕಾಣಂಗಿಲ್ಲೇನು?"

ಕಣ್ಣಿನ ಡಾಕ್ಟರಿಗೆ ತೋರಿಸಬೇಕು ಎಂದೆ.

ಹೊಸ ಎಂಸಿಬಿ ಹಾಕಿಸಿ ಏಳು ತಿಂಗಳಾಯಿತು. ಇದುವರೆಗೆ ಒಮ್ಮೆಯೂ ಬಿದ್ದಿಲ್ಲ.